ಹುಸೇನಪ್ಪ ತಿಂದ ಬರ್ಗರ್

ಬಳಗಾನೂರಿನ ಹುಸೇನಪ್ಪ ಸಿಂಧನೂರಿನಲ್ಲಿ ಗುಮಾಸ್ತನಾಗಿ ಆರು ವರ್ಷವಾದರೂ ಹೋಟೆಲಿನೊಳಗೆ ಕಾಲಿಟ್ಟವನಲ್ಲ. ಗೆಳೆಯರು ಚಹಾಕ್ಕೆ ಕರೆದರೆ "ಹೊಟ್ಟಿ ಸರಿ ಇಲ್ರೀ" ಎನ್ನುವನು. ಪಾಪ, ಆ ಹೊಟ್ಟೆ ಆರು ವರ್ಷದಿಂದಲೂ ಸರಿಯಾಗಿಲ್ಲ. ಒಳಗೆ ಊರಿನವರಿದ್ದು "ಏ, ಹೊರಗ ನಿಂದ್ರು" ಎಂದುಬಿಟ್ಟರೆ ಎಂಬ ಭಯ ಅವನಿಗೆ. ತೊಂಬತ್ತೇಳರಲ್ಲಿ ಬಸ್ ನಿಲ್ದಾಣದೆದುರು ಬರ್ಗರ್ ಮಾರುವ ಡಬ್ಬಾ ಅಂಗಡಿ ಬಂದಾಗ, ಅಲ್ಲಿ ಎಲ್ಲರೂ ಹೊರಗೇ ನಿಂತು ತಿನ್ನುವುದನ್ನು ನಾಲ್ಕು ದಿನ ದೂರದಿಂದ ನೋಡಿ ಖಾತ್ರಿ ಮಾಡಿಕೊಂಡು, ಐದನೆಯ ದಿನ ತಾನೂ ನಿಂತ. ಚೀಸ್ ಇಟ್ಟ ಬರ್ಗರ್, ಬಿಸಿ ಆಲೂಗಡ್ಡೆ ಫ್ರೈ ಕಾಗದದ ತಟ್ಟೆಯಲ್ಲಿ ಬಂದವು. ದಾರಿಹೋಕರ ಮುಖಗಳನ್ನೇ ನೋಡುತ್ತ, ನಾಲಿಗೆ ಸುಟ್ಟದ್ದೂ ತಿಳಿಯದೆ ನುಂಗಿದ. ಯಾರೂ ಏನೂ ಕೇಳಲಿಲ್ಲ. ಊರಿನ ಹೋಟೆಲಿನಲ್ಲಿ ಅವನ ಕೇರಿಯವರು ಹೊರಗೆ ಕುಳಿತು ತಿಂದು, ತಮ್ಮ ತಟ್ಟೆ ತಾವೇ ತೊಳೆದಿಡಬೇಕು. ಆ ರೂಢಿಯಲ್ಲೇ ಅವನ ಕೈ ಕಾಗದದ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕತೊಡಗಿತು. "ಏನ್ ಮಾಡಾಕತ್ತೀರಿ ಸಾಹೇಬ್ರ? ಅದನ್ನ ಬುಟ್ಟ್ಯಾಗ ಒಗೀರಿ!" ಎಂದು ಅಂಗಡಿಯವನು ನಕ್ಕ. ಪಕ್ಕದಲ್ಲಿ ತಿನ್ನುತ್ತಿದ್ದ ರುಮಾಲಿನವನು ನಗಲಿಲ್ಲ. ಅಗಿಯುವುದನ್ನು ನಿಲ್ಲಿಸಿ, ಆ ಒದ್ದೆ ಕೈಗಳನ್ನೇ ನೋಡಿ, "ಯಾವೂರಲೇ ನಿಂದು?" ಎಂದ.