ಅತ್ತಿ ತೆಗೆದ ದೃಷ್ಟಿ

ನಿಪ್ಪಾಣಿಯ ತಂಬಾಕಿನ ವಖಾರಿಯೊಳಗ ಧೂಳ ಕುಡಿದು ಕುಡಿದು ನನ್ನ ಎದಿಯೊಳಗಿನ ಪುಪ್ಪುಸ ಕೆಟ್ಟಾವು. ಇನ್ನ ಅವು ಮೊದಲಿನಂಗ ಆಗೂದಿಲ್ಲ ಅಂತ ಡಾಕ್ಟರು ಮುಖದ ಮ್ಯಾಲ ಹೇಳ್ಯಾರ. ದವಾಖಾನ್ಯಾಗ ಉಸಿರಿನ ಕಸರತ್ತು ಕಲಿಸೂ ಅಕ್ಕಾರು ಒಂದು ಮಾತು ಹೇಳಿದ್ರು: "ದಮ್ಮ ಹತ್ತಿದಾಗ ಮಲಗಬ್ಯಾಡ್ರಿ, ಮುಂದ ಬಾಗಿ ಕೂಡ್ರಿ. ಮೂಗಿಲೆ ತಗೋರಿ, ಬಶಿಯೊಳಗಿನ ಚಾ ಆರಿಸಿದಂಗ ತುಟಿ ಚೂಪ ಮಾಡಿ ಮೆಲ್ಲಕ ಬಿಡ್ರಿ." ಚಾ ಆರಿಸೂದು ಕಲಿಯಾಕ ದವಾಖಾನಿಗೆ ಬರಬೇಕಾ ಅಂತ ನಾ ಒಳಗೊಳಗ ನಕ್ಕಿದ್ದೆ.

ಒಂದಿನ ಮುಂಜಾನೆ ಜಳಕ ಮಾಡಿ ಸೀರಿ ಉಡೂದ್ರೊಳಗ ದಮ್ಮ ಹತ್ತಿತು. ನನ್ನ ಅತ್ತಿ, ಗಂಡನ ಅವ್ವ, ನೋಡಿದ್ಳು. "ನಿನ್ನೆ ಕಾಗವಾಡದ ಮದವ್ಯಾಗ ಜರತಾರಿ ಸೀರಿ ಉಟ್ಟು ಮೆರದಿ. ಯಾರದೋ ಕೆಟ್ಟ ಕಣ್ಣು ಬಿದ್ದೈತಿ" ಅಂದು, ನಾ ಬ್ಯಾಡ ಅನ್ನೂದ್ರೊಳಗ ಉಪ್ಪು, ಒಣ ಮೆಣಸಿನಕಾಯಿ ನಿವಾಳಿಸಿ ಒಲಿಗೆ ಒಗದ್ಳು.

ಅಯ್ಯಯ್ಯ, ಆ ಘಾಟು! ಎದಿ ಗಪ್ಪಂತ ಮುಚ್ಚಿತು. ದಮ್ಮಿಗೆ ಬಾಯಾಗ ಹೊಡಕೊಳ್ಳೂ ಔಷಧದ ಪಂಪು ಒಳಗಿನ ಕೋಣ್ಯಾಗ, ಹೊಗಿಯ ಆಚಿಗೆ. "ಬಾಗಲಾ ತಗೀರಿ" ಅನ್ನಾಕ ಉಸಿರು ಬೇಕಲ್ಲ, ಅದ ಇಲ್ಲ. ಅತ್ತಿ ಕೆಮ್ಮಿಕೋತ ನನ್ನ ಭುಜ ಹಿಡದು, "ಮಕ್ಕೋ ಬೇ, ಮಕ್ಕೋ" ಅಂತ ಹಾಸಿಗಿಗೆ ಒತ್ತಾಕತ್ತಿದ್ಳು. ಮಕ್ಕೊಂಡ್ರ ಮತ್ತ ಏಳೂದಿಲ್ಲ ಅಂತ ನನಗ ಖಾತ್ರಿ ಆಗಿತ್ತು. ಕೈ ಕೊಸರಿಕೊಂಡು, ತೆವಳಿಕೋತ ಬಾಗಲ ಹೊರಗಿನ ಕಟ್ಟಿ ಮ್ಯಾಲ ಬಂದೆ.

ಮೊಣಕೈ ತೊಡಿ ಮ್ಯಾಲ ಊರಿ ಬಾಗಿ ಕುಂತೆ. ಅಂಜಿಕಿ ಎಂಥಾದ್ದಂದ್ರ, ಉಸಿರು ಒಳಗ ಎಳಕೋ, ಎಳಕೋ ಅಂತೈತಿ. ಎಳದಷ್ಟೂ ಎದಿ ಬಿಗೀತೈತಿ. ಹಳೇ ಗಾಳಿ ಹೊರಗ ಹೋಗದನ ಹೊಸಾದಕ್ಕ ಜಾಗಾ ಎಲ್ಲಿಂದ ಬರಬೇಕು? ತುಟಿ ಚೂಪ ಮಾಡಿದೆ. ಊದಿದೆ. ಏನೂ ಹೋಗಲಿಲ್ಲ. ಸತ್ತೆ ಅಂದಕೊಂಡೆ. ಮತ್ತ ಊದಿದೆ, ಸ್ವಲ್ಪ ಹೋತು.

ಅತ್ತಿ ಎದುರಿಗೆ ಕುಂತು ಅಳಕೋತ ನನ್ನ ತುಟೀನ ನೋಡತಿದ್ಳು. ಆಮ್ಯಾಲ ತಾನೂ ತುಟಿ ಚೂಪ ಮಾಡಿ ನನ್ನ ಜೋಡಿ ಊದಾಕ ಹತ್ತಿದ್ಳು. ಹಲ್ಲಿಲ್ಲದ ಬಾಯಿ, ಬರೇ ಫುಸ್ ಅಂತಿತ್ತು. ಬ್ಯಾರೆ ಹೊತ್ತಿನ್ಯಾಗ ಆಗಿದ್ರ ಹೊಟ್ಟಿ ಹಿಡಕೊಂಡು ನಗತಿದ್ದೆ. ಆಕಿ ಊದಿದಂಗ ನಾನೂ ಊದಿದೆ, ಆಕಿ ತಡದಂಗ ತಡದೆ. ಎದಿ ಮೆಲ್ಲಕ ಸಡಲಿತು.

ಅತ್ತಿ ಸೆರಗಿಲೆ ಕಣ್ಣು ಒರಸಿಕೊಂಡ್ಳು. "ದೃಷ್ಟಿ ಆಗಿದ್ರ ಮೆಣಸಿನಕಾಯಿ ಘಾಟ ಬರತಿರಲಿಲ್ಲ. ಇಷ್ಟು ಘಾಟ ಬಂತಂದ್ರ ಇದು ದೃಷ್ಟಿ ಅಲ್ಲ ಬೇ" ಅಂದ್ಳು. ಆಮ್ಯಾಲ ಸಣ್ಣ ದನಿಲೆ ಕೇಳಿದ್ಳು: "ಹಂಗಾರ ಇದನ್ನ ಏನ ನಿವಾಳಿಸಿ ತಗೀಬೇಕ?"

ಇದು ಹೋಗೂದಲ್ರಿ ಅತ್ತಿ ಅನ್ನಾಕ ನನಗ ಧೈರ್ಯ ಆಗಲಿಲ್ಲ. ಆಕಿ ಕೈ ಗಟ್ಟಿ ಹಿಡಕೊಂಡು ಊದಕೋತ ಕುಂತೆ.