ದುರ್ಗದವನು ಬೆನ್ನು ತೋರಿಸಿದ್ದು

ನನಗೆ ಕುರಿ ಕಂಡರೆ ಭಯ. ಚಿರತೆ ಕಂಡರೆ ಭಯ ಎಂದಿದ್ದರೆ ಹೇಳಿಕೊಳ್ಳಲು ಒಂದಿಷ್ಟು ಮರ್ಯಾದೆಯಾದರೂ ಇರುತ್ತಿತ್ತು. ಜೋಗಿಮಟ್ಟಿ ಕಾಡಿನ ಮಗ್ಗುಲಲ್ಲೇ ಬೆಳೆದವನು ಚಿರತೆಗೆ ಹೆದರಿದರೆ ಯಾರೂ ನಗುವುದಿಲ್ಲ. ಆದರೆ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಹುಟ್ಟಿದ ದಿನದಿಂದ ಕಂಬಳಿ ಹೊದ್ದು ಮಲಗಿ, ಕುರಿಗೇ ಹೆದರುವವನನ್ನು ಏನನ್ನಬೇಕು? ಸಾಲದ್ದಕ್ಕೆ ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಮನೆಗೆ ಬಂದ ನೆಂಟರನ್ನೆಲ್ಲ ಕೋಟೆ ಹತ್ತಿಸಿ, ಬತೇರಿಯ ಮೇಲೆ ನಿಂತು, “ದುರ್ಗದವರು ಶತ್ರುವಿಗೆ ಬೆನ್ನು ತೋರಿಸಿದವರಲ್ಲ!” ಎಂದು ಭಾಷಣ ಬಿಗಿಯುವವನು. ಇಳಿದು ಬರುವಾಗ ದಾರಿಗೆ ಕುರಿಮಂದೆ ಅಡ್ಡ ಬಂತೋ, ಬಂಡೆಗೆ ಬೆನ್ನು ಒತ್ತಿ ನಿಂತು, ಮಂದೆ ದಾಟುವ ತನಕ ದೂರದ ಕಲ್ಲಿನ ಮೇಲೆ ಯಾವುದೋ ಶಾಸನ ಕಂಡವನ ಹಾಗೆ ಕಣ್ಣು ಕಿರಿದು ಮಾಡಿಕೊಂಡಿರುತ್ತೇನೆ.

ಇದಕ್ಕೆ ಕಾರಣ ಅಪ್ಪನ ಒಂದು ಟಗರು. ಚಿಕ್ಕವನಿದ್ದಾಗ ಗೋಕಟ್ಟೆಯ ಅಂಚಿನಲ್ಲಿ ಬಗ್ಗಿ ನೀರು ಕುಡಿಯುತ್ತಿದ್ದೆ. ಬಗ್ಗಿದ ಹುಡುಗನ ಹಿಂಭಾಗ ಆ ಟಗರಿಗೆ ಏನಾಗಿ ಕಂಡಿತೋ, ಓಡಿ ಬಂದು ಗುದ್ದಿತು. ನಾನು ಕಟ್ಟೆಯ ನಡುವೆ ಹೋಗಿ ಬಿದ್ದೆ. ಅಂದಿನಿಂದ ನನ್ನ ಭಯಕ್ಕೆ ಒಂದು ದಿಕ್ಕಿದೆ: ಕುರಿ ಮುಂದಿದ್ದರೆ ಹೇಗೋ ತಡೆದುಕೊಂಡೇನು, ಹಿಂದಿದ್ದರೆ ಮಾತ್ರ ಜೀವ ಹಾರುತ್ತದೆ. ನಮ್ಮ ಆಲಂಕಾರಿಕರು ಭಯವನ್ನೂ ಒಂದು ರಸಕ್ಕೆ ಮೂಲ ಮಾಡಿ, ಅದರ ಲಕ್ಷಣ ನಡುಕ, ಬೆವರು, ಬಾಯಿ ಒಣಗುವುದು ಎಂದೆಲ್ಲ ಬರೆದಿಟ್ಟಿದ್ದಾರೆ. ನನಗೆ ಮೂರೂ ಆಗುತ್ತವೆ. ರಸ ಮಾತ್ರ ಇದುವರೆಗೆ ಹುಟ್ಟಿಲ್ಲ.

ಮೊನ್ನೆ ಒಂದು ಭಾನುವಾರ ಮಗಳು ಸಿಂಚನ ಟಿವಿಯಲ್ಲಿ ಸೂಪರ್‌ಹೀರೋಗಳ ಧಾರಾವಾಹಿ ನೋಡುತ್ತಿದ್ದಳು. ಪಕ್ಕದಲ್ಲಿ ಕೂತು ಪೇಪರು ಓದುವವನಂತೆ ನಾನೂ ನೋಡುತ್ತಿದ್ದೆ. ಖಳನೊಬ್ಬ ನೇರಳೆ ಬಣ್ಣದ ಹೊಗೆ ಊದುತ್ತಾನೆ. ಅದು ಮೂಗಿಗೆ ಬಡಿದವರಿಗೆ ಅವರವರ ಅತಿ ಕೆಟ್ಟ ಕನಸು ಎದುರು ಬಂದು ನಿಲ್ಲುತ್ತದೆ. ಬೆಟ್ಟ ಎತ್ತುವವನಿಗೆ ಚಮಚ ಎತ್ತಲಾಗುತ್ತಿಲ್ಲ. ಹಾರುವವನು ಹಾಳುಬಾವಿಯಲ್ಲಿ ಕೂತಿದ್ದಾನೆ. ಮಾಯವಾಗಬಲ್ಲ ಹೆಂಗಸು ಮನೆಗೆ ಬಂದರೆ ಹೆತ್ತ ತಾಯಿಗೂ ಅವಳ ಗುರುತಿಲ್ಲ. ನನಗೋ ಅಯ್ಯೋ ಪಾಪ ಎನಿಸಿತು. ಮಗಳು ನಿಶ್ಚಿಂತಳಾಗಿದ್ದಳು.

“ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಸಾಕು ಕಣಪ್ಪ, ಕೆಟ್ಟ ಕನಸು ಕರಗಿ ಹೋಗ್ತೈತೆ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಆ ಹೊಗೆ ನಿಂಗೆ ಬಡಿದ್ರೆ ಏನು ಕಾಣ್ತೈತಪ್ಪ?” ಎಂದು ಕೇಳಿದಳು.

ನಾನು ಗಂಟಲು ಸರಿಮಾಡಿಕೊಂಡು, “ಅಜ್ಞಾನ” ಎಂದೆ.

“ಕುರಿ” ಎಂದಳು ಹೆಂಡತಿ, ಅಡುಗೆಮನೆಯಿಂದ.

ಆ ಹೊಗೆ ಟಿವಿಯಿಂದ ಹೊರಗೆ ಬಂದಿತ್ತೇನೋ, ಅದೇ ಸಂಜೆ ತಂಗಿ ಮಂಜುಳ ಫೋನು ಮಾಡಿದಳು. ಅವಳನ್ನು ಕೊಟ್ಟಿರುವುದು ರಾಮಗಿರಿಯ ಹತ್ತಿರದ ಒಂದು ಹಳ್ಳಿಗೆ. ಅವಳ ಮಗನ ಜವಳ ಗೊತ್ತಾಗಿತ್ತು. ಜವಳವೆಂದರೆ ಮೊದಲ ಸಲ ಕೂದಲು ತೆಗೆಸುವುದು. ಅದಕ್ಕೆ ಸೋದರಮಾವ ಒಂದು ಹೆಣ್ಣು ಕುರಿಯನ್ನು ಊರಬಾಗಿಲಿನಿಂದ ತಾನೇ ಹಿಡಿದು ತಂದು ಅಳಿಯನ ಹೆಸರಿಗೆ ಕಟ್ಟಬೇಕೆಂಬುದು ನಮ್ಮ ಮನೆತನಗಳ ರೂಢಿ.

“ಯಾರ ಕೈಲಾದ್ರೂ ಕಳ್ಸಿದ್ರೆ ಆಗಲ್ವೇನೇ?” ಎಂದೆ ಮೆಲ್ಲಗೆ.

“ಆಗಲ್ಲಣ್ಣಾ. ನಮ್ಮ ಓರಗಿತ್ತಿ ಆಗ್ಲೇ ಆಡ್ಕಣಾಕೆ ಹತ್ತವ್ಳೆ, ‘ನಿಮ್ಮಣ್ಣ ಪ್ಯಾಟೆ ಮೇಷ್ಟ್ರು, ಕುರೀನ ಕೊರಿಯರ್‌ನಾಗೆ ಕಳಿಸ್ತಾರೆ ಬಿಡು’ ಅಂತ. ಅಪ್ಪ ಇದ್ದಿದ್ರೆ ಮಂದೇನೇ ಹೊಡ್ಕಂಡು ಬರ್ತಿದ್ದ. ತವರು ಅಂತ ನಂಗೆ ಈಗ ನೀನೊಬ್ನೇ ಅಲ್ವಾ?” ಎಂದಳು. ದನಿ ಸಣ್ಣಗಾಯಿತು. ಆ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಬರುತ್ತೇನೆ ಎಂದುಬಿಟ್ಟೆ.

ಪರಿಚಯದವರ ಹಟ್ಟಿಯಿಂದ ಒಂದು ಕುರಿ ಕೊಂಡೆ. ಕೊಂಬಿಲ್ಲದ, ಸಾಧು ಮುಖದ ಕುರಿ. ಗೂಡ್ಸ್ ಆಟೋದಲ್ಲಿ ಅದು ಹಿಂದೆ, ನಾನು ಮುಂದೆ. ಹೊಳಲ್ಕೆರೆ ದಾಟುವವರೆಗೂ ಕತ್ತು ತಿರುಗಿಸಿ ತಿರುಗಿಸಿ ನೋಡಿದ್ದಕ್ಕೆ ಡ್ರೈವರು, “ಹಗ್ಗ ಗಟ್ಟಿ ಐತೆ, ಓಡಿ ಹೋಗಲ್ಲ, ಸುಮ್ನೆ ಕುಂತ್ಕಳ್ರಿ ಸಾರ್” ಎಂದ. ಓಡಿ ಹೋಗಲಿ ಎಂಬುದೇ ನನ್ನ ಹರಕೆ ಎಂದು ಅವನಿಗೇನು ಗೊತ್ತು!

ಊರಬಾಗಿಲಲ್ಲಿ ಇಳಿದೆವು. ಬಸ್ಸಿನಲ್ಲಿ ಮೊದಲೇ ಬಂದಿದ್ದ ಹೆಂಡತಿ, ಮಗಳು ಅಲ್ಲೇ ಕಾದಿದ್ದರು. ಬೀಗರ ಕಡೆಯವರೆಲ್ಲ ನೆರೆದಿದ್ದರು. ಹಗ್ಗ ನನ್ನ ಕೈಗೆ ಬಂತು. ಮಗಳ ಮಂತ್ರ ನೆನಪಾಗಿ, ಕುರಿಯ ಎದುರು ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಕುರಿ ನನ್ನನ್ನು ನೋಡಿತು. ಎಳೆದೆ. ಅದು ನಾಲ್ಕೂ ಕಾಲು ಊರಿ ನಿಂತಿತು. ಇನ್ನೂ ಎಳೆದೆ. ಕುಂತೇಬಿಟ್ಟಿತು.

“ಮೇಷ್ಟ್ರು ಕುರಿಗೆ ಪಾಠ ಮಾಡ್ತಾವ್ರೆ, ಗಲಾಟೆ ಮಾಡ್ಬೇಡ್ರಿ” ಎಂದಳು ಓರಗಿತ್ತಿ. ಎಲ್ಲರೂ ನಕ್ಕರು. ಮಂಜುಳ ಮಾತ್ರ ನಗಲಿಲ್ಲ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹತ್ತಿರ ಬಂದಳು.

“ಒಂಟಿ ಕುರಿ ಎಲ್ಲಾದ್ರೂ ನಡೀತೈತೇನಣ್ಣಾ? ಕುರಿ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ? ಜೊತೆಗೆ ಇನ್ನೊಂದು ತರ್ಬೇಕಿತ್ತು. ಹೋಗ್ಲಿ, ಈಗ ಅದಕ್ಕೆ ಜೊತೆ ಅಂದ್ರೆ ನೀನೇ. ಹಗ್ಗ ಸಡಿಲ ಬಿಟ್ಟು ಮುಂದೆ ನಡಿ. ತಿರುಗಿ ನೋಡ್ಬೇಡ, ನೋಡಿದ್ರೆ ನಿಂತ್ಬಿಡ್ತೈತೆ. ಅಪ್ಪ ಹೆಂಗೆ ಹೋಗ್ತಿದ್ದ, ಮರ್ತೆಯಾ?”

ಮರೆತಿರಲಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅಪ್ಪ ಮುಂದೆ, ಮಂದೆ ಹಿಂದೆ. ಅವನು ಹಿಂದೆ ತಿರುಗಿದ್ದನ್ನು ನಾನು ಕಂಡೇ ಇಲ್ಲ. ಆದರೆ ನನಗೆ ಕುರಿಯನ್ನು ಹಿಂದೆ ಬಿಟ್ಟುಕೊಂಡು ನಡೆಯುವುದೆಂದರೆ! ಹೊಗೆ ಊದುವ ಆ ಖಳನಿಗೂ ಇದಕ್ಕಿಂತ ಕೆಟ್ಟದ್ದು ಹೊಳೆಯುತ್ತಿರಲಿಲ್ಲ. ತಂಗಿಯ ಮುಖ ನೋಡಿದೆ. ಬೆನ್ನು ತಿರುಗಿಸಿದೆ. ನಡೆದೆ.

ಹಿಂದೆ ಗೊರಸಿನ ಸದ್ದು ಕೇಳಿತು. ಬೆವರು ಕತ್ತಿನಿಂದ ಸೊಂಟಕ್ಕಿಳಿಯಿತು. ಕನ್ನಡ ನಾಡನ್ನಾಳಿದ ರಾಜಮನೆತನಗಳನ್ನೆಲ್ಲ ಮನಸ್ಸಿನಲ್ಲೇ ಜಪಿಸುತ್ತ ಹೋದೆ. ಹೊಯ್ಸಳರ ಹೊತ್ತಿಗೆ ಚಪ್ಪರ ಬಂತು. ಉಸ್ಸಪ್ಪಾ ಎಂದು ನಿಂತೆ ನೋಡಿ, ಮಂಡಿಯ ಹಿಂಬದಿಗೆ ಬೆಚ್ಚಗೆ ಏನೋ ತಾಗಿತು. “ಅಯ್ಯಯ್ಯೋ ಅವ್ವಾ!” ಎಂದು ಕೂಗಿ ಚಪ್ಪರದ ಗಳುವನ್ನು ತಬ್ಬಿಕೊಂಡೆ. ಕುರಿ ತಲೆ ತುರಿಸಿಕೊಂಡಿತ್ತಷ್ಟೆ.

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಇಷ್ಟು ದೂರ ಬಂದು ಕೊನೆಗೂ ತಂಗಿಯ ಮಾನ ಕಳೆದೆನಲ್ಲ ಎಂದು ನನಗೆ ಸಂಕಟವಾಯಿತು. ಮಂಜುಳ ಬಂದು ಹಗ್ಗ ಇಸಿದುಕೊಂಡಳು. ಓರಗಿತ್ತಿಯ ಕಡೆ ತಿರುಗಿ, “ಧೈರ್ಯ ಇರೋ ಅಣ್ಣಂದಿರು ಯಾರಾದ್ರೂ ಕುರಿ ತಂದು ಕೊಡ್ತಾರಕ್ಕಾ. ನಮ್ಮಣ್ಣ ಕುರಿ ಕಂಡ್ರೆ ಗೋಡೆ ಹತ್ತೋನು. ಆದ್ರೂ ತಂದವ್ನೆ, ನೋಡು” ಎಂದಳು. ಅವಳ ಕಣ್ಣು ತುಂಬಿತ್ತು. ಓರಗಿತ್ತಿ ಒಳಗೆ ಹೋಗಿ ನನಗೊಂದು ಲೋಟ ಮಜ್ಜಿಗೆ ತಂದಳು.

ಮಗಳಿಗೆ ಮಾತ್ರ ಸಮಾಧಾನವಿಲ್ಲ. “ಯಾವ ಹೀರೋನೂ ಹಿಂಗೆ ಬೆನ್ನು ತೋರಿಸಲ್ಲಪ್ಪ” ಎಂದು ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದಳು. ನಾನೂ ಯೋಚಿಸಿದೆ. ಈಗಲೂ ನೆಂಟರು ಬಂದರೆ ಬತೇರಿಯ ಮೇಲೆ ನಿಂತು ಅದೇ ಭಾಷಣ ಬಿಗಿಯುತ್ತೇನೆ. ಒಂದು ತಿದ್ದುಪಡಿ ಮಾತ್ರ ಮಾಡಿಕೊಂಡಿದ್ದೇನೆ: “ದುರ್ಗದವರು ಯಾರಿಗೆಂದರೆ ಅವರಿಗೆ ಬೆನ್ನು ತೋರಿಸುವವರಲ್ಲ. ಬೆನ್ನು ತೋರಿಸಲಿಕ್ಕೂ ಎದೆ ಬೇಕು.”