ಗಂಗುಲಪ್ಪ ಕಿವಿಗೊಟ್ಟ ಮಣ್ಣು

ಕ್ಯಾಲನೂರಿನ ಗಂಗುಲಪ್ಪ ಬಾವಿ ತೋಡುತ್ತಿದ್ದವನು. ಎಲ್ಲರೂ ಬೋರ್‌ವೆಲ್ ಕೊರೆಸತೊಡಗಿದ ಮೇಲೆ ಒಳಚರಂಡಿ ಪೈಪಿಗೆ ಕಾಲುವೆ ಅಗೆಸುವ ಮೇಸ್ತ್ರಿಯಾದ. ಗತ್ತು ಮಾತ್ರ ಬಾವಿಯ ಕಾಲದ್ದೇ. ಅಗೆದ ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ತಲೆ ವಾರೆ ಮಾಡಿ ಕಿವಿಗೊಡುತ್ತಿದ್ದ. ಕುಸಿಯುವ ಮಣ್ಣು ಮೊದಲು ಪುಡಿ ಉದುರಿಸಿ ಸದ್ದು ಮಾಡುತ್ತದೆ ಎನ್ನುವುದು ಅವನ ನಂಬಿಕೆ. ಅವನು "ಇಳೀರಿ" ಅಂದರೆ ಆಳುಗಳು ಇಳಿಯುತ್ತಿದ್ದರು. ಹೆಂಡತಿ ಮುನಿಗಂಗಮ್ಮ ಮಾತ್ರ, "ಮಣ್ಣಿನ ಪಿಸುಮಾತು ಕೇಳ್ಸುತ್ತೆ, ನಾನು ಊಟಕ್ಕೆ ಕೂಗಿದ್ರೆ ಕೇಳ್ಸಲ್ಲ" ಎನ್ನುತ್ತಿದ್ದಳು.

ನನ್ನದು ಕೋಲಾರದಲ್ಲಿ ಹಲಗೆ, ಸರ್ವೆ ಮರ ಬಾಡಿಗೆಗೆ ಕೊಡುವ ಅಂಗಡಿ. ಮಾಲೂರಿನ ಹತ್ತಿರದ ಒಂದು ಬಡಾವಣೆಯ ಕೆಲಸ ಹಿಡಿದ ಗಂಗುಲಪ್ಪ, ಮಗಳು ಶ್ರೀವಾಣಿಯ ಗಂಡ ನರೇಶನನ್ನೂ ಕರೆದುಕೊಂಡು ಅಂಗಡಿಗೆ ಬಂದಿದ್ದ.

"ಅದು ನೀರಿನ ಕುಂಟೆ ಮುಚ್ಚಿದ ಜಾಗ ಮೇಸ್ತ್ರಿ, ತುಂಬಿಸಿದ ಮಣ್ಣು. ಎರಡೂ ಪಕ್ಕಕ್ಕೆ ಹಲಗೆ ಕೊಟ್ಟು ಅಡ್ಡಮರ ಬಿಗಿ" ಅಂದೆ.

"ಶೆಟ್ರೇ, ನೀವು ಚಟ್ಟಕ್ಕೂ ಬಾಡಿಗೆ ಕೇಳೋರು!" ಎಂದು ನಕ್ಕ.

"ತಗೊಂಡ್ ಹೋಗೋಣ ಮಾವ" ಎಂದ ನರೇಶ್.

"ಯಾಕಪ್ಪಾ, ನನ್ನ ಕಿವಿ ಮೇಲೆ ನಂಬ್ಕೆ ಇಲ್ವಾ?"

ಮಾವನಿಗೆ ಎದುರು ಹೇಳದ ಹುಡುಗ, ಬರಿಗೈಲಿ ಅವನ ಹಿಂದೆಯೇ ಹೊರಟ. ಅಂಗಡಿಯವನ ಬುದ್ಧಿಮಾತಿನ ಹಿಂದೆ ವ್ಯಾಪಾರ ಇದ್ದೇ ಇರುತ್ತದೆಂದು ಜನ ತಿಳಿಯುತ್ತಾರೆ. ಪೂರ್ತಿ ಸುಳ್ಳೂ ಅಲ್ಲ.

ಮರುದಿನ ಜೆಸಿಬಿ ಆಳೆತ್ತರಕ್ಕೂ ಮೀರಿ ಅಗೆದು, ಮಣ್ಣನ್ನೆಲ್ಲ ಅಂಚಿಗೇ ಗುಡ್ಡೆ ಹಾಕಿತು. ಗಂಗುಲಪ್ಪ ಕಿವಿಗೊಟ್ಟ. ಪಕ್ಕದಲ್ಲೇ ಯಂತ್ರ ಗುಡುಗುತ್ತಿತ್ತು. ಮಣ್ಣು ಉದುರಿದ್ದರೂ ಕೇಳುವಂತಿರಲಿಲ್ಲ; ಕೇಳದ್ದನ್ನೇ ಅವನು ಒಪ್ಪಿಗೆ ಅಂದುಕೊಂಡ. "ಇಳಿಯಪ್ಪಾ" ಎಂದ.

ಪೈಪು ಜೋಡಿಸಲು ನರೇಶ್ ಮಂಡಿಯೂರಿದಾಗ ಕಾಲುವೆಯ ಒಂದು ಪಕ್ಕ ಹಾಗೇ ಕುಸಿದು ಬಂದು ಕೂತಿತು. ಮುಚ್ಚಿದ್ದು ಎದೆಯವರೆಗೆ, ಅಷ್ಟೇ. ತಲೆ ಹೊರಗೇ ಇತ್ತು. ಅಷ್ಟಕ್ಕೆ ಏನಾಗುತ್ತದೆ ಅಂದುಕೊಂಡರು ಎಲ್ಲರೂ. ಬಿಗಿದ ಮಣ್ಣು ಉಸಿರಿಗೆ ಎದೆ ಉಬ್ಬಲು ಬಿಡಲಿಲ್ಲ. ಗಂಗುಲಪ್ಪ ಉಗುರು ಕಿತ್ತುಬರುವಂತೆ ಬಗೆಯುತ್ತಿದ್ದಂತೆಯೇ, ಮಾವನ ಮುಖ ನೋಡುತ್ತಲೇ ಹುಡುಗ ಹೋದ.

ಕ್ಯಾಲನೂರಿನಲ್ಲಿ ಹೂಳುವಾಗ ಒಬ್ಬೊಬ್ಬರೂ ಹಿಡಿಮಣ್ಣು ಹಾಕಿದರು. ಗಂಗುಲಪ್ಪ ತನ್ನ ಹಿಡಿಮಣ್ಣನ್ನು ಮುಷ್ಟಿಯಲ್ಲೇ ಬಿಗಿಹಿಡಿದು ನಿಂತೇ ಇದ್ದ.

"ಹಾಕಪ್ಪಾ, ಹೊತ್ತಾಗುತ್ತೆ" ಎಂದರು ಯಾರೋ.

ಅವನು ಮಗಳು ಶ್ರೀವಾಣಿಯ ಕಡೆ ತಿರುಗಿದ. "ಇನ್ನೂ ಎಷ್ಟಮ್ಮಾ ಹಾಕೋದು ಅವನ್ ಮೇಲೆ?"

ಅವಳು ಅಪ್ಪನ ಕೈ ಹಿಡಿದು, ಗುಂಡಿಯ ಮೇಲೆ ಚಾಚಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.